ಜೂನ್ ಒಂದರಂದು ಹುಟ್ಟಿದವರು

ಸುಂಕದಕಟ್ಟೆಯ ನಮ್ಮ ಬೀದಿಗೆ ಸೂಡಾನ್‌ನಿಂದ ಒಂದು ಸಂಸಾರ ಬಂತು. ಗಂಡ ಮೊದಲಿನಿಂದಲೂ ಇಲ್ಲಿ ಓದುತ್ತಿದ್ದವರು. ಯುದ್ಧ ಶುರುವಾದ ಮೇಲೆ ಹೆಂಡತಿ, ಮಗಳು ಹೇಗೋ ಬಂದು ಸೇರಿಕೊಂಡರು. ಅವರ ಊರಿನ ಶಾಲೆಗಳಲ್ಲಿ ಪಾಠ ನಿಂತು, ಮನೆ ಕಳೆದುಕೊಂಡವರು ಮಲಗುತ್ತಿದ್ದರಂತೆ. ಹುಡುಗಿಗೆ ಆರು ತುಂಬಿತ್ತು. ಬೀದಿ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡಿ ಆಡಿ ಕನ್ನಡ ಕಲಿತು, ನನ್ನನ್ನು ಅಜ್ಜಿ ಎನ್ನುತ್ತಿದ್ದಳು. ಶಾಲೆಯ ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ.

ಹತ್ತಿರದ ಶಾಲೆಯವರು ಎರಡು ಸಲ ವಾಪಸ್ ಕಳಿಸಿದ್ದರು. ಜನನ ಪ್ರಮಾಣಪತ್ರ ಬೇಕಂತೆ. ಅದು ಮನೆಯ ಜೊತೆಗೇ ಸುಟ್ಟುಹೋಗಿತ್ತು. ಜೀವನವಿಡೀ ಟೀಚರ್ ಆಗಿದ್ದ ನನಗೆ ಮೈಯೆಲ್ಲ ಉರಿಯಿತು. ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ನಾನೇ ಶಾಲೆಗೆ ಹೊರಟೆ.

ಹೆಡ್‌ಮಿಸ್ ಕಲಬುರಗಿ ಕಡೆಯವರು, ನನಗಿಂತ ಚಿಕ್ಕವರು. "ರೂಲ್ಸ್ ಐತ್ರಿ ಮೇಡಂ, ನಾ ಏನ್ ಮಾಡ್ಲಿ?" ಎಂದರು.

"ವಯಸ್ಸಿನ ದಾಖಲೆ ಇಲ್ಲ ಅಂತ ಮಗೂನ ವಾಪಸ್ ಕಳಿಸ್ಬಾರ್ದು ಅನ್ನೋದೂ ರೂಲೇ. ಇರ್ಲಿ, ನಿಮ್ಮ ಬರ್ತ್‌ಡೇ ಯಾವತ್ತು?"

ಅವರು ತಡವರಿಸಿದರು. "ಜೂನ್ ಒಂದು."

"ನಂದೂ ಅದೇ," ಎಂದೆ.

ಪಕ್ಕದ ಮೇಜಿನ ಗುಮಾಸ್ತರು ಮೆಲ್ಲಗೆ, "ನಂದೂನು" ಎಂದರು.

ನಮ್ಮ ಕಾಲದಲ್ಲಿ ಯಾರ ಮನೆಯಲ್ಲಿ ಹುಟ್ಟಿದ ದಿನದ ಕಾಗದವಿತ್ತು? ಬಲಗೈ ತಲೆಯ ಮೇಲಿಂದ ಹೋಗಿ ಎಡಗಿವಿಗೆ ತಾಗಿದರೆ ಶಾಲೆಯ ವಯಸ್ಸಾಯಿತು ಎಂದೇ ಲೆಕ್ಕ. ಮೇಷ್ಟ್ರು ಶಾಲೆ ಶುರುವಾಗುವ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದು ಒಳಗೆ ಕೂರಿಸುತ್ತಿದ್ದರು. ನಾನೂ ನೌಕರಿಯ ಮೊದಲ ವರ್ಷಗಳಲ್ಲಿ ಹಾಗೆ ಎಷ್ಟೋ ಮಕ್ಕಳಿಗೆ ಹುಟ್ಟುಹಬ್ಬ ಹಂಚಿದ್ದೇನೆ.

ಹೆಡ್‌ಮಿಸ್ ನಕ್ಕುಬಿಟ್ಟರು. ಹುಡುಗಿಯನ್ನು ಕರೆದು, ತಮ್ಮ ಕೈಯನ್ನೇ ತಲೆಯ ಮೇಲೆ ಹಾಯಿಸಿ ತೋರಿಸಿದರು. ಅವಳು ಕಿವಿ ಮುಟ್ಟುವುದಿರಲಿ, ಹಿಡಿದು ಜಗ್ಗಿಯೇ ಬಿಟ್ಟಳು.

ಕಾಗದ ಸುಟ್ಟುಹೋಗಿದೆ ಎಂದು ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ದಾಖಲಾತಿ ಪುಸ್ತಕ ತೆರೆದರು. ಅಭ್ಯಾಸಬಲ, ಜೂನ್ ಎಂದು ಬಾಯಲ್ಲಿ ಹೇಳುತ್ತಲೇ ಬರೆಯತೊಡಗಿದ್ದರು. ತಾಯಿ ಕೈ ಅಡ್ಡ ಹಿಡಿದರು. ಮಗಳು ಹುಟ್ಟಿದ ದಿನ, ತಿಂಗಳು, ಗಂಟೆ, ಅವತ್ತು ಬೀಸುತ್ತಿದ್ದ ಧೂಳುಗಾಳಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

ಹೆಡ್‌ಮಿಸ್ ಬರೆದಿದ್ದನ್ನು ಹೊಡೆದುಹಾಕಿ ಆ ತಾರೀಖು ಬರೆದರು. ಆಮೇಲೆ ಪೆನ್ನು ಕೆಳಗಿಟ್ಟರು.

"ನಮ್ಮವ್ವಗ ಇಷ್ಟೂ ಗೊತ್ತಿರ್ಲಿಲ್ರಿ," ಎಂದರು. "ಇಲ್ಲಿ ಖರೇ ತಾರೀಖು ಇರೋದು ಈ ಹುಡುಗಿ ಒಬ್ಬಾಕಿಗೇ. ನಾನು ಅಕೀನ್ನೇ ಪುರಾವೆ ಕೇಳಿದ್ನಲ್ರಿ. ನಾಳಿಂದ ಕಳಸ್ರಿ."

ತಾಯಿ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಅರಬ್ಬಿಯಲ್ಲಿ ಕೂಗಿ ಹೇಳಿ, ಹೆಡ್‌ಮಿಸ್ ಮೇಜಿನ ಸುತ್ತ ಕುಂಟೆಬಿಲ್ಲೆ ಆಡುವಂತೆ ಒಂಟಿಗಾಲಲ್ಲಿ ಕುಣಿದಳು.