ಅಳುವ ಮರಿಗಳು

ನನ್ನ ತಮ್ಮ ತೀರಿಕೊಂಡಾಗ ಮನೆಯಲ್ಲಿ ನಾಲ್ಕು ನಾಯಿಗಳಿದ್ದವು. ಎರಡನ್ನು ಅವನ ಹೆಂಡತಿಯ ತವರಿನವರು ಒಯ್ದರು. ಒಂದು ವಯಸ್ಸಾಗಿ ಸತ್ತಿತು. ಉಳಿದದ್ದು ಒಂದು ಕೆಂಪು ಹೆಣ್ಣು ನಾಯಿ. ಅದಕ್ಕೆ ಏಳು ವರ್ಷ. ಇನ್ನೊಂದು ಸಲ ಮರಿ ಹಾಕಿದರೆ ಹಾಕೀತು, ಅದರಾಚೆಗೆ ನಂಬಿಕೆಯಿಲ್ಲ. ತಮ್ಮ ಹದಿನೆಂಟು ವರ್ಷ ಬೆಳೆಸಿಕೊಂಡು ಬಂದ ತಳಿ ಆ ಒಂದು ಸೂಲಿನಲ್ಲಿ ಮುಂದುವರಿಯಬೇಕಿತ್ತು, ಇಲ್ಲವೇ ಅಲ್ಲಿಗೇ ಮುಗಿಯಬೇಕಿತ್ತು. ಹೊಲ ಗದ್ದೆ ಬಿಟ್ಟು ಬೇರೇನೂ ತಿಳಿಯದ ನನ್ನ ಕೈಗೆ ಆ ಕೆಲಸ ಬಂತು. ತಮ್ಮ ಯಾವುದನ್ನೂ ಬರೆದಿಟ್ಟವನಲ್ಲ. ಎಲ್ಲವೂ ಅವನ ತಲೆಯಲ್ಲಿತ್ತು. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು, ನೆನಪಿದ್ದಷ್ಟನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಶಿರಸಿ ತಾಲೂಕಿನ ಪೂರ್ವದ ಅಂಚಿನಲ್ಲಿದೆ. ಕೆಳಗೆ ಗದ್ದೆ, ಮೇಲೆ ಗೋವಿನಜೋಳದ ಹೊಲ, ಹೊಲ ಮುಗಿದಲ್ಲಿ ಕಾಡು. ಅಜ್ಜನ ಕಾಲದಲ್ಲಿ ನಾಯಿ ಸಾಕುತ್ತಿದ್ದದ್ದು ಬೇಟೆಗೆ. ಈಗ ಬೇಟೆಗೆ ಕಾನೂನು ಬಿಡುವುದಿಲ್ಲ. ಆದರೆ ಹಂದಿಗಳು ಬರುವುದನ್ನು ಬಿಟ್ಟಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಒಂದು ಹಿಂಡು ನುಗ್ಗಿದರೆ ಬೆಳಗಾಗುವುದರೊಳಗೆ ಹೊಲ ಮಲಗಿರುತ್ತದೆ. ವಾಸನೆ ಹಿಡಿದು ಹಿಂದೆ ಬಿದ್ದು, ಹಿಂಡನ್ನು ಕಾಡಿನ ಒಳಕ್ಕೆ ಅಟ್ಟಿ ಬರುವ ನಾಯಿ ನಮ್ಮ ಕಡೆ ಎಲ್ಲರಿಗೂ ಬೇಕು.

ತಮ್ಮನಿಗೆ ಅದರ ಜೊತೆಗೆ ಓಟದ ಹುಚ್ಚೂ ಇತ್ತು. ಬಯಲುಸೀಮೆಯ ಊರುಗಳಲ್ಲಿ ನಾಯಿಗಳ ಓಟದ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಗೆಲ್ಲುವುದು ಹೆಚ್ಚಾಗಿ ಮುಧೋಳ ನಾಯಿ. ಅದು ಕಣ್ಣಿಗೆ ಕಂಡದ್ದರ ಹಿಂದೆ ಬಾಣದ ಹಾಗೆ ಓಡುತ್ತದೆ, ಆದರೆ ನಮ್ಮ ಪೊದೆಗಳಲ್ಲಿ ಅದಕ್ಕೇನೂ ಕಾಣುವುದಿಲ್ಲ. ನಮ್ಮ ಊರ ನಾಯಿಗೆ ಮೂಗಿದೆ, ಓಟವಿಲ್ಲ. ಎರಡೂ ಒಂದೇ ಮೈಯಲ್ಲಿ ಬರಬೇಕೆಂದು ತಮ್ಮ ಹಟ ಹಿಡಿದ. ಎಲ್ಲಿಂದಲೋ ಒಂದು ಮುಧೋಳ ಗಂಡನ್ನು ತಂದು ಮನೆಯ ಹೆಣ್ಣಿಗೆ ಕೂಡಿಸಿದ. ಹುಟ್ಟಿದವುಗಳಲ್ಲಿ ಆರಿಸಿ, ಅವುಗಳ ಮರಿಗಳಲ್ಲಿ ಮತ್ತೆ ಆರಿಸಿ, ಹೀಗೇ ನಡೆಸಿದ. ಅಂಗೈ ಮೇಲೆ ಮರಿಯನ್ನು ಕೂರಿಸಿಕೊಂಡು ಎದೆಯ ಅಗಲವನ್ನು ಬೆರಳಿನಲ್ಲಿ ಅಳೆಯುತ್ತಿದ್ದ. ಪಾದ ಒತ್ತಿ ನೋಡುತ್ತಿದ್ದ. ಮೂಗಿನ ಹೊಳ್ಳೆಗೆ ಕಣ್ಣಿಟ್ಟು ನೋಡುವಾಗ, ಒಳಗೇನೋ ಬಿದ್ದುಹೋಗಿದೆ ಎನ್ನುವ ಹಾಗೆ ಕಾಣುತ್ತಿತ್ತು.

ಕೊನೆಯ ಪರೀಕ್ಷೆ ಮಾತ್ರ ಊರಿನದು. ನಮ್ಮಲ್ಲಿ ಮರಿ ಆರಿಸುವಾಗ ಕತ್ತಿನ ತೊಗಲು ಹಿಡಿದು ಮೇಲಕ್ಕೆತ್ತುತ್ತಾರೆ. ಕುಂಯ್‌ಗುಟ್ಟಿದರೆ ಅದು ಹೇಡಿ. ಸುಮ್ಮನೆ ನೇತಾಡಿದರೆ ಗಟ್ಟಿ. ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ ಮಾಡುತ್ತಿದ್ದನಂತೆ. ಆದರೆ ಅವರು ಅಷ್ಟು ಕಟ್ಟುನಿಟ್ಟಿನವರಲ್ಲ, ಬಣ್ಣ ಚೆನ್ನಾಗಿದ್ದರೆ ಅಳುವ ಮರಿಯನ್ನೂ ಇಟ್ಟುಕೊಳ್ಳುತ್ತಿದ್ದರು. ತಮ್ಮ ಹದಿನೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಲಿಲ್ಲ. ಅತ್ತ ಮರಿಗಳನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಡುತ್ತಿದ್ದ.

ಅವನ ನಾಯಿಗಳು ಹೆಸರು ಮಾಡಿದವು. ಎದೆಯ ಮೇಲೆ ಬಿಳಿ ಪಟ್ಟಿಯಿದ್ದ ಒಂದು ಗಂಡು ಸ್ಪರ್ಧೆಯಲ್ಲಿ ಮೊದಲು ಬಂತು. ಅದೇ ನಾಯಿ ಮಳೆ ಬಿದ್ದ ಮರುದಿನವೂ ಹಂದಿಯ ಜಾಡು ಹಿಡಿಯುತ್ತಿತ್ತು. ಆದರೆ ಮನೆಯಲ್ಲಿ ಆರು ನಾಯಿಗಳಿದ್ದರೂ ಅಂಗಳ ಸುಮ್ಮನಿರುತ್ತಿತ್ತು. ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಕೇಳುತ್ತಿದ್ದ, “ಏನಪಾ, ನಿನ್ನ ನಾಯಿ ಎಲ್ಲಾ ಮೌನವ್ರತ ಹಿಡದಾವೇನು?”

“ಬೊಗಳಾಕ ನೀ ಅದಿಯಲ್ಲ ಕಾಕಾ,” ಎನ್ನುತ್ತಿದ್ದ ತಮ್ಮ. ಇಬ್ಬರೂ ನಗುತ್ತಿದ್ದರು. ಅದರಲ್ಲಿ ಯೋಚಿಸಬೇಕಾದದ್ದು ಏನಾದರೂ ಇದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಒಂದು ನಸುಕಿನಲ್ಲಿ ಬಿಳಿ ಎದೆಯ ನಾಯಿ ಹಂದಿಯ ಹಿಂದೆ ಕಾಡಿಗೆ ಹೋಯಿತು. ಬಿಸಿಲೇರಿದರೂ ಬರಲಿಲ್ಲ. ನಾವು ಕೂಗಿ ಕರೆದೆವು, ಕಾಡಿನ ಅಂಚಿನಲ್ಲಿ ನಿಂತು ಕಿವಿಗೊಟ್ಟೆವು. ಯಾವ ಸದ್ದೂ ಇಲ್ಲ. ದೂರ ಹೋಗಿರಬೇಕೆಂದು ಎರಡು ದಿನ ಒಳಗೆಲ್ಲ ಅಲೆದೆವು. ಮೂರನೆಯ ದಿನ ಸಿಕ್ಕಿತು, ನಮ್ಮ ಹೊಲದ ಕೆಳಗಿನ ಹಳ್ಳದಲ್ಲೇ. ಹಂದಿಯ ಕೋರೆ ತಗುಲಿ ಹೊಟ್ಟೆ ಸೀಳಿತ್ತು. ಸುತ್ತಲಿನ ಹುಲ್ಲು ಉಗುರಿಗೆ ಸಿಕ್ಕಿ ಕಿತ್ತುಹೋಗಿತ್ತು. ತುಂಬ ಹೊತ್ತು ಜೀವ ಹಿಡಿದುಕೊಂಡಿತ್ತು ಎಂದು ಅದರಿಂದಲೇ ತಿಳಿಯುತ್ತಿತ್ತು. ಒಂದು ಸಲ ಬೊಗಳಿದ್ದರೆ ನಾವು ಐದು ನಿಮಿಷದಲ್ಲಿ ಅಲ್ಲಿರುತ್ತಿದ್ದೆವು.

ತಮ್ಮ ಬಹಳ ಹೊತ್ತು ಹಳ್ಳದ ಕಲ್ಲಿನ ಮೇಲೆ ಕೂತಿದ್ದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ, “ಅಣ್ಣ, ಇವುಗಳ ಬಾಯಿ ನಾನ ಹೊಲಿದೆ.”

ನನಗೆ ಅರ್ಥವಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಬಿಡಿಸಿ ಹೇಳಿದ. ಅಜ್ಜನ ನಾಯಿಗಳು ಜಾಡು ಸಿಕ್ಕ ಕೂಡಲೇ ದನಿ ತೆಗೆಯುತ್ತಿದ್ದವು. ಆ ದನಿಯ ಹಿಂದೆ ಮನುಷ್ಯರು ಹೋಗುತ್ತಿದ್ದರು. ಮುಧೋಳದ ರಕ್ತ ಮೊದಲೇ ಮೌನದ್ದು, ಅದರ ಮೇಲೆ ಪ್ರತಿ ಸೂಲಿನಲ್ಲೂ ಸುಮ್ಮನಿದ್ದ ಮರಿಯನ್ನೇ ಇಟ್ಟುಕೊಂಡದ್ದು. ಧೈರ್ಯ ಆರಿಸುತ್ತಿದ್ದೇನೆ ಎಂದುಕೊಂಡು ಮೂಕತನವನ್ನು ಆರಿಸಿದ್ದ.

ದನಿಯಿರುವ ರಕ್ತ ಮತ್ತೆ ಬೇಕೆಂದು, ಆ ದಿನದಿಂದ ಅವನು ತಾನು ಕೊಟ್ಟುಬಿಟ್ಟಿದ್ದ ಅಳುವ ಮರಿಗಳನ್ನು ಹುಡುಕಲು ಹೊರಟ. ಹೆಚ್ಚಿನವು ಸತ್ತಿದ್ದವು, ಕೆಲವು ಎಲ್ಲೋ ಹೋಗಿದ್ದವು. ಕೊನೆಗೆ ಯಲ್ಲಾಪುರದಲ್ಲಿ ಲಾರಿ ಓಡಿಸುವ ಒಬ್ಬ ಸಾಬರ ಮನೆಯಲ್ಲಿ, ಅವನು ಕೊಟ್ಟ ಮರಿಯ ಮೊಮ್ಮಗ ಸಿಕ್ಕಿತು. ಅಷ್ಟರಲ್ಲಿ ತಮ್ಮನ ಕಿಡ್ನಿ ಕೆಟ್ಟಿತ್ತು. ವಾರಕ್ಕೆರಡು ಸಲ ಶಿರಸಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು, ನಡುವಿನ ಒಂದು ದಿನ ಬಸ್ಸಿನಲ್ಲಿ ಹೋಗಿ ಆ ನಾಯಿಯನ್ನು ನೋಡಿ ಬಂದ. ಬಂದವನ ಮುಖದಲ್ಲಿ ಗೆಲುವಿತ್ತು. ಕೆಂಪು ನಾಯಿ ಬೆದೆಗೆ ಬಂದ ಕೂಡಲೇ ಅಲ್ಲಿಗೆ ಒಯ್ಯಬೇಕೆಂದ. ಅದು ಬೆದೆಗೆ ಬರುವ ಮೊದಲೇ ಅವನು ಹೋದ.

ತಿಂಗಳು ಎರಡು ಕಳೆದ ಮೇಲೆ ಕೆಂಪು ನಾಯಿ ಬೆದೆಗೆ ಬಂತು. ನಾನು ಗೂಡ್ಸ್ ರಿಕ್ಷಾ ಮಾಡಿಸಿಕೊಂಡು ಹಿಂದೆ ನಾಯಿಯ ಜೊತೆ ಕೂತು ಯಲ್ಲಾಪುರಕ್ಕೆ ಹೋದೆ. ಬೀದಿಯ ತುದಿಯಲ್ಲಿ ರಿಕ್ಷಾ ತಿರುಗುವಾಗಲೇ ಆ ಗಂಡು ನಾಯಿಯ ದನಿ ಕೇಳಿತು. ಉದ್ದವಾದ, ಎದೆಯೊಳಗಿಂದ ಬರುವ ದನಿ. ಮನೆಯವರಿಗೆ ತಮ್ಮ ತೀರಿದ್ದು ಗೊತ್ತಿರಲಿಲ್ಲ. ನಾನು ಹೇಳಿದೆ. ಯಜಮಾನರು ನನ್ನನ್ನು ಕೂರಿಸಿ, ತಾವೂ ಕೂತರು.

“ನಿಮ್ಮ ತಮ್ಮಾವ್ರು ಮರಿ ಕೊಡುವಾಗ ಏನ್ ಹೇಳಿದ್ರು ಗೊತ್ತೈತ್ರಿ?” ಎಂದರು ಆಮೇಲೆ. “ಇದು ಅಳುಬುರುಕ, ಕಾಡಿಗೆ ನಡಿಯಂಗಿಲ್ಲ, ಲಾರಿ ಕಾಯಾಕ ಇಟ್ಕೊಳ್ರಿ ಅಂದ್ರು. ಲಾರಿ ಕಾಯಾಕ ಬೇಕಾದ್ದ ಬಾಯಿ ಅಲ್ಲೇನ್ರಿ?”

ಗಂಡು ನಾಯಿಯ ಮನೆಯವರಿಗೆ ಒಂದು ಮರಿ, ಅದೂ ಮೊದಲ ಆಯ್ಕೆ. ಇದು ನಮ್ಮಲ್ಲೆಲ್ಲ ನಡೆದುಬಂದ ರೀತಿ. ನಾನು ಒಪ್ಪಿ ಬಂದೆ.

ಕೆಂಪು ನಾಯಿ ನಾಲ್ಕೇ ಮರಿ ಹಾಕಿತು. ಕಣ್ಣು ಬಿಟ್ಟು ಓಡಾಡುವಂತಾದ ಮೇಲೆ ನಾನು ಬಾಗಿಲು ಮುಚ್ಚಿಕೊಂಡು ಒಂದೊಂದನ್ನೇ ಎತ್ತಿ ನೋಡಿದೆ. ಮೂರು ಸುಮ್ಮನೆ ನೇತಾಡಿದವು. ನಾಲ್ಕನೆಯದು, ಒಂದು ಹೆಣ್ಣು, ಕೈ ತಾಗುವ ಮೊದಲೇ ಅರಚಲು ಶುರುಮಾಡಿತು. ನನಗೆ ಸಮಾಧಾನವಾಯಿತು, ಹಿಂದೆಯೇ ಹೆದರಿಕೆಯಾಯಿತು. ಯಲ್ಲಾಪುರದವರು ದನಿಯ ಬೆಲೆ ಬಲ್ಲವರು. ಅವರು ಅದನ್ನೇ ಕೇಳಿದರೆ ಇಲ್ಲವೆನ್ನುವ ಹಾಗಿರಲಿಲ್ಲ. ಮರಿಯನ್ನು ಅಡಗಿಸಿಡುವ ಯೋಚನೆಯೂ ಬಂದಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಅವರು ಒಂದು ಮಧ್ಯಾಹ್ನ ಬಂದರು. ಒಂದೊಂದನ್ನೇ ಎತ್ತಿದರು. ನಾಲ್ಕನೆಯದು ಅರಚಿ ಮನೆ ತುಂಬಿಸಿತು. ಅವರು ಅದನ್ನು ಇಳಿಸದೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವರು ಮರಿಯನ್ನು ತಂದು ನನ್ನ ತೊಡೆಯ ಮೇಲೆ ಇಟ್ಟರು.

“ಇದು ನಿಮಗಿರಲ್ರಿ. ನಮ್ಮ ಮನ್ಯಾಗ ಬಾಯಿಗೇನ್ ಕಡಿಮಿ ಇಲ್ಲ.”

ಅವರು ಸುಮ್ಮನಿದ್ದ ಒಂದು ಗಂಡು ಮರಿಯನ್ನು ಚೀಲದಲ್ಲಿ ಹಾಕಿಕೊಂಡು, ಚಹಾ ಕುಡಿದು ಹೋದರು.

ಅಳುವುದು ಬೇರೆ, ಜಾಡಿನ ಮೇಲೆ ದನಿ ತೆಗೆಯುವುದು ಬೇರೆ. ಅದು ನನಗೆ ಗೊತ್ತಿತ್ತು. ಮರಿ ಬೆಳೆಯಿತು. ಓತಿಕ್ಯಾತಕ್ಕೆ ಬೊಗಳಿತು, ಹಾಲಿನ ಸೈಕಲ್ಲಿಗೆ ಬೊಗಳಿತು, ಬೇಲಿಯಾಚೆಯ ಮುದುಕನಿಗೆ ಬೊಗಳಿತು. ಆದರೆ ಹೊಲಕ್ಕೆ ಕರೆದುಕೊಂಡು ಹೋದರೆ ಮೂಗು ನೆಲಕ್ಕಿಟ್ಟು ತನ್ನ ತಾಯಿಯ ಹಿಂದೆ ಸುಮ್ಮನೆ ನಡೆಯುತ್ತಿತ್ತು. ಎಂಟು ತಿಂಗಳಾದರೂ ಅಷ್ಟೆ. ನಾನು ಆರಿಸಿದ್ದೂ ತಪ್ಪಾಯಿತೇನೋ ಎಂದುಕೊಂಡೆ. ಕೇಳೋಣವೆಂದರೆ ತಿಳಿದವನು ಇರಲಿಲ್ಲ.

ಈ ಸಲ ತೆನೆ ಹಾಲುಗಟ್ಟಿದಾಗ ಒಂದು ಬೆಳಗ್ಗೆ ಅದು ಒಂಟಿಯಾಗಿ ಹೊಲದೊಳಗೆ ನುಗ್ಗಿತು. ಜೋಳದ ದಂಟುಗಳು ಅಲ್ಲಾಡುತ್ತ ಕಾಡಿನ ಕಡೆ ಹೋದವು, ಆಮೇಲೆ ನಿಂತವು. ನಾನು ಬದುವಿನ ಮೇಲೆ ಕಾದೆ. ಸ್ವಲ್ಪ ಹೊತ್ತಿಗೆ ಮರಗಳ ಒಳಗಿಂದ ಉದ್ದನೆಯ ದನಿ ಬಂತು. ನಿಂತು, ಮತ್ತೆ ಬಂತು.

ತಮ್ಮನ ಹೆಂಡತಿ ಹಿತ್ತಲಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬದುವಿನ ಕೆಳಗೆ ನಿಂತಳು.

“ಭಾವಾ, ನಮ್ಮ ಮರಿ ಏನು?”

“ಅದ,” ಎಂದೆ.

ದನಿ ಹಿಡಿದು ಒಳಗೆ ಹೋದೆ. ದಾರಿ ಹುಡುಕಬೇಕಾಗಲಿಲ್ಲ. ಹಂದಿ ಇರಲಿಲ್ಲ. ಮರಿ ಒಂದು ಮತ್ತಿ ಮರದ ಬುಡಕ್ಕೆ ಮುಂಗಾಲು ಕೊಟ್ಟು ನಿಂತು, ಮೇಲೆ ಕೊಂಬೆಯಲ್ಲಿ ಕೂತ ಕಾಡುಬೆಕ್ಕಿನ ಕಡೆ ಮುಖವೆತ್ತಿ ಬೊಗಳುತ್ತಿತ್ತು. ನಾನು ಹತ್ತಿರ ಹೋಗಿ ನಿಂತರೂ ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲು ಹೋಗಲಿಲ್ಲ.