ಲಿಯೋಲಾಳ ಗುಡ್ಡಕ್ಕೆ ದಾರಿ

ಅಮೆರಿಕದ ನಮ್ಮ ವರ್ಮಾಂಟ್ ರಾಜ್ಯದ ಈ ಪುಟ್ಟ ಊರಿನಲ್ಲಿ ನನ್ನ ತಂಗಿ ಲಿಯೋಲಾಳನ್ನು ಹೊಗಳದವಳು ನಾನೊಬ್ಬಳೇ. ಅಪ್ಪ ಭಾಗ ಮಾಡಿದಾಗ ರಸ್ತೆಬದಿಯ ಹೊಲ, ಮನೆ ನನ್ನ ಪಾಲಿಗೆ ಬಂತು. ಹಿಂದಿನ ಗುಡ್ಡ, ಅದರ ಮೇಪಲ್ ಮರಗಳು ಅವಳ ಪಾಲಿಗೆ. ಅವಳು ಅಲ್ಲೇ ಮೇಲೆ ಮನೆ ಕಟ್ಟಿಕೊಂಡಳು. ನನ್ನನ್ನು ನೋಡಿ 'ವೆರ್ನಾ ಗೆದ್ದಳು' ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡಿದ್ದೆ.

ಏನು ಗೆದ್ದೆನೋ, ಮಣ್ಣು! ಮೂವತ್ತು ವರ್ಷಗಳಿಂದ ಪ್ರತಿ ಮಾರ್ಚ್‌ನಲ್ಲಿ ಅವಳು ಆ ಮರಗಳ ರಸ ಇಳಿಸಿ, ಕುದಿಸಿ, ಪಾಕ ಮಾಡುತ್ತಾಳೆ. ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು ಮಿಠಾಯಿಯಂತೆ ಗಟ್ಟಿಯಾಗಿಸಿ, ಡೋನಟ್ಟು, ಸೌತೆಯ ಉಪ್ಪಿನಕಾಯಿ ಜೊತೆಗಿಟ್ಟು ಬಂದವರಿಗೆಲ್ಲ ತಿನ್ನಿಸುತ್ತಾಳೆ. ಊರಿಗೆ ಊರೇ ನನ್ನ ಹೊಲದ ಗಾಡಿದಾರಿಯಲ್ಲಿ ಕೆಸರೆಬ್ಬಿಸಿಕೊಂಡು ಅಲ್ಲಿಗೆ ಹೋಗುತ್ತದೆ. ದಿನವೂ ನನ್ನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಹೋಲಿಸ್ ಕೂಡ ಒಂದು ಮಾರ್ಚ್‌ನಲ್ಲಿ ಹಾಗೆ ಹೋದವನು ಮತ್ತೆ ನನ್ನ ಜಗಲಿ ಹತ್ತಲಿಲ್ಲ. ಆಗಲೇ ವಿಧವೆಯಾಗಿದ್ದ ಲಿಯೋಲಾ ಅವನನ್ನು ಮದುವೆಯಾಗಲೂ ಇಲ್ಲ. ಬೇಡವಾದದ್ದೂ ಅವಳಿಗೇ ಸಿಗುತ್ತದೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಕಳೆದ ವಸಂತದಲ್ಲಿ ನನಗೆ ಊರ ಕಚೇರಿಯಿಂದ ರಿಜಿಸ್ಟರ್ಡ್ ಪತ್ರ ಬಂತು. ಲಿಯೋಲಾ ಗುಡ್ಡವನ್ನು ಎರಡು ಭಾಗ ಮಾಡಿ, ಒಂದರಲ್ಲಿ ಮಗಳು ಕೊರಿನ್ ಮನೆ ಕಟ್ಟಲು ಅನುಮತಿ ಕೇಳಿದ್ದಳು. ಸಾರ್ವಜನಿಕ ರಸ್ತೆ ತಾಗದ ಜಮೀನನ್ನು ಒಡೆಯಬಾರದು ಎಂಬುದು ನಮ್ಮ ನಿಯಮ. ಅದರಿಂದ ವಿನಾಯಿತಿ ಬೇಕಂತೆ. ಪಕ್ಕದ ಜಮೀನಿನವರು ಸಭೆಗೆ ಬಂದು ಆಕ್ಷೇಪಣೆ ಹೇಳಬಹುದಂತೆ. ಒಡಹುಟ್ಟಿದವಳು ನನ್ನ ಹತ್ತಿರ ತುಟಿಪಿಟಕ್ಕೆಂದಿರಲಿಲ್ಲ! ಮಗಳು ಬೇರೆ ಮಗ್ಗುಲಲ್ಲೇ ಬೇಕೇ ಇವಳಿಗೆ? ಎರಡು ಹಾಳೆ ತುಂಬ ಆಕ್ಷೇಪಣೆ ಬರೆದುಕೊಂಡು ಹೋದೆ.

ಅರ್ಜಿ ವಿಚಾರಿಸುವ ಊರ ಸಮಿತಿಯ ಐವರೂ ಅವಳ ಉಪ್ಪಿನಕಾಯಿ ತಿಂದವರೇ. ಅಧ್ಯಕ್ಷ ಅದೇ ಹೋಲಿಸ್.

"ವಿನಾಯಿತಿ ಯಾಕೆ ಬೇಕು, ಲಿಯೋಲಾ?"

"ನಂಗೆ ಮಂಡಿನೋವು. ಮಗಳು ಹತ್ರ ಇದ್ರೆ ರಸದ ಬಕೆಟ್ ಎತ್ತೋಕಾದ್ರೂ ಆಗ್ತಾಳೆ."

"ನಿನ್ನ ಕಷ್ಟ ನಾವು ಕೇಳೋ ಹಾಗಿಲ್ಲ. ಕಾನೂನು ಕೇಳೋದು ನೆಲದ ಕಷ್ಟ. ನೆಲಕ್ಕೇನು ಕಷ್ಟ, ಅದನ್ನ ಹೇಳು."

ಲಿಯೋಲಾ ಯೋಚಿಸಿದಳು. "ನೆಲಕ್ಕೇನಪ್ಪಾ ಕಷ್ಟ? ಆರಾಮಾಗಿ ಬಿದ್ಕೊಂಡಿದೆ. ಈ ಸಲ ರಸಾನೂ ಚೆನ್ನಾಗಿ ಬಂತು."

ಸಭೆ ನಕ್ಕಿತು. ಹೋಲಿಸ್ ಮಾತ್ರ ಪೆನ್ನು ಕೆಳಗಿಟ್ಟ. ತನ್ನ ಅರ್ಜಿಗೆ ಅವಳೇ ಕಲ್ಲು ಹಾಕಿಕೊಂಡಿದ್ದಳು. ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ನಮ್ಮಪ್ಪನ ಮಗಳು ಊರೆದುರು ದಡ್ಡಿಯಾಗುವುದನ್ನು ನೋಡಲಾಗಲಿಲ್ಲ. ಆಕ್ಷೇಪಣೆಯ ಹಾಳೆ ಹಿಡಿದುಕೊಂಡೇ ಎದ್ದೆ.

"ಲೇ ಪೆದ್ದಿ, ದಾರಿ ಇಲ್ದಿರೋದೇ ಅದರ ಕಷ್ಟ ಕಣೇ! ಅಪ್ಪ ರಸ್ತೆನೆಲ್ಲ ನಂಗೆ ಕೊಟ್ಟು ನಿನ್ನ ನೆಲಾನ ಮೂಲೇಲಿ ಕೂರಿಸಿದ. ಅದೇನು ನೀನು ಮಾಡ್ಕೊಂಡಿದ್ದಾ? ಬರ್ಕೋ, ಹೋಲಿಸ್!"

ಹೋಲಿಸ್ ಬರೆದುಕೊಂಡ. "ಹಾಗಾದ್ರೆ ಆಗಬಹುದು. ಆದ್ರೆ ಬೆಂಕಿ ಆರಿಸೋ ಗಾಡಿ ಹೋಗೋಕೆ ವೆರ್ನಾ ಹೊಲದಲ್ಲಿ ಬರವಣಿಗೆಯಲ್ಲಿ ದಾರಿಯ ಹಕ್ಕು ಬೇಕು. ಇವಳನ್ನ ಕೇಳಿದ್ಯಾ, ಲಿಯೋಲಾ?"

"ಇಲ್ಲ."

"ಯಾಕೆ?"

"ಕೇಳಿದ್ರೆ ಕೊಟ್ಟೇ ಕೊಡ್ತಿದ್ಲು. ಆಮೇಲೆ ಸಾಯೋವರೆಗೂ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ಲು."

ಯಾರೂ ನಗಲಿಲ್ಲ. ಎಲ್ಲರಿಗೂ ಅದು ನಿಜವೆನಿಸಿತ್ತು. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ವಕೀಲರ ಬಳಿ ಹೋಗಿ ದಾರಿಯ ಹಕ್ಕು ಬರೆದುಕೊಟ್ಟೆ. ಇದನ್ನು ಒಬ್ಬರ ಹತ್ತಿರವೂ ಆಡದೆ, ಅವಳ ಮಾತನ್ನು ಸುಳ್ಳು ಮಾಡಿಯೇ ತೀರುತ್ತೇನೆಂದು ಶಪಥ ಮಾಡಿದೆ.

ಗುಡ್ಡದಲ್ಲಿ ಮನೆ ಎದ್ದಿದೆ. ಕೊರಿನ್ ದಿನಾ ಸಂಜೆ ನನ್ನ ಅಡುಗೆಮನೆಯ ಕಿಟಕಿಯೆದುರು ಕಾರು ನಿಧಾನಿಸಿ, ಕೈಬೀಸಿ, ಮೇಲೆ ಅವಳಮ್ಮನಲ್ಲಿಗೆ ಹೋಗುತ್ತಾಳೆ. ಒಂದು ವರ್ಷ ಹಲ್ಲುಕಚ್ಚಿ ಬಾಯಿ ಮುಚ್ಚಿಕೊಂಡಿದ್ದೆ. ಈಗ ನಿಮ್ಮ ಮುಂದೆ ಎಲ್ಲ ಹೇಳಿಬಿಟ್ಟೆ. ಲಿಯೋಲಾ ಗೆದ್ದಳು.