ಹಂಪಿಯ ರಥ ಮತ್ತು ನನ್ನ ಕೆಂಪು ಪೆನ್ನು

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಹಂಪಿಯ ಪಾಠ ಮಾಡಿದ ನಾನು ಹಂಪಿಯನ್ನು ನೋಡಿದ್ದು ನಿವೃತ್ತಿಯಾದ ಮೇಲೆ, ಹೋದ ಡಿಸೆಂಬರಿನಲ್ಲಿ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಬುತ್ತಿ ಬಿಚ್ಚಿ ಉಂಡು, ಒಂದು ನಿದ್ದೆ ತೆಗೆಯುವಷ್ಟರಲ್ಲಿ ಹೊಸಪೇಟೆ ಬರುತ್ತದೆ. ಹತ್ತಿರದ ಊರಿನ ಹಣೆಬರಹವೇ ಅದು. ಯಾವಾಗ ಬೇಕಾದರೂ ಹೋಗಬಹುದಲ್ಲ ಎಂದು ಯಾರೂ ಹೋಗುವುದಿಲ್ಲ.

ಜೊತೆಗೆ ನಮ್ಮ ಯಜಮಾನರು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮುಂದೆ ಆಯುಷ್ಯ ಕಳೆದವರು. ಚಳಿಗಾಲದ ಪ್ರವಾಸವೆಂದು ಮಂಗನ ಟೊಪ್ಪಿಗೆ ಹಾಕಿಕೊಂಡು ಬಂದಿದ್ದರು. ಹಂಪಿಯ ಬಂಡೆಗಳು ಕಾದ ಹಂಚಾದರೂ ತೆಗೆಯಲಿಲ್ಲ. ನಾನು ಮಂಟಪ ಕಂಡಲ್ಲಿ ವಾಸ್ತುಶೈಲಿ, ತಳಪಾಯ ಕಂಡಲ್ಲಿ ರಾಜವಂಶ ಹೇಳುತ್ತಾ ನಡೆದೆ. ಅವರು ಟೊಪ್ಪಿಗೆಯೊಳಗೇ ಆಕಳಿಸುತ್ತಾ ಬಂದರು.

ಕಲ್ಲಿನ ರಥದ ಮುಂದೆ ನಿಂತು, "ಇದು ಒಂದೇ ಕಲ್ಲಿನಲ್ಲಿ ಕಡೆದದ್ದು" ಎಂದೆ. ಸ್ವಲ್ಪ ದನಿಯೇರಿಸಿಯೇ ಎಂದೆ. ಪಕ್ಕದಲ್ಲಿ ನಾಲ್ಕು ಜನ ಪ್ರವಾಸಿಗರು ಕಿವಿಗೊಟ್ಟಿದ್ದರು.

ಯಜಮಾನರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಒಂದ ಕಲ್ಲು ಎಲ್ಲೈತಿ? ಅಲ್ನೋಡು, ಸಂದು ಕಾಣಾಕತ್ತಾವ. ತುಂಡು ತುಂಡು ಕೂಡಿಸ್ಯಾರ. ಕೆಲಸ ಮಾತ್ರ ಭಾಳ ಛಲೋ ಮಾಡ್ಯಾರ."

ನೋಡಿದೆ. ನಿಜ, ಕೂದಲೆಳೆಯಂಥ ಸಂದುಗಳು. ಪ್ರವಾಸಿಗರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಅದಕ್ಕೆ ನನಗೇನೂ ಅನ್ನಿಸಲಿಲ್ಲ. ನೆನಪಾದವಳು ಶಬಾನಾ, ನನ್ನ ಹಳೆಯ ವಿದ್ಯಾರ್ಥಿನಿ, ಕಲ್ಲುಗೋಡೆ ಕಟ್ಟುವ ಗೌಂಡಿಯ ಮಗಳು. "ರಥಕ್ಕೆ ಬಹಳ ಕಲ್ಲುಗಳಿವೆ, ನಮ್ಮ ಅಬ್ಬಾ ತೋರಿಸಿದ್ದಾರೆ" ಎಂದು ಪರೀಕ್ಷೆಯಲ್ಲಿ ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ ಎಳೆದು, ಇಡೀ ತರಗತಿಗೆ ಓದಿ ಹೇಳಿ ನಗಿಸಿದ್ದೆ. ಆಮೇಲೆ ಹಂಪಿಯಲ್ಲಿ ಏನು ನೋಡಿದೆನೋ ನನಗೆ ನೆನಪಿಲ್ಲ.

ಶಬಾನಾ ಈಗ ನಮ್ಮೂರಿನ ದುರ್ಗದಬೈಲು ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದಾಳೆ. ಊರಿಗೆ ಬಂದ ಮರುದಿನವೇ ಹೋದೆ. ಬೇಡದ ಎರಡು ಡಜನ್ ಬಳೆ ಕೊಂಡ ಮೇಲೆ ಧೈರ್ಯ ಬಂತು. "ಆ ರಥದ ಬಗ್ಗೆ ನೀ ಬರದದ್ದು ಖರೇ ಇತ್ತವಾ. ತಪ್ಪು ನಂದು."

ಅವಳು ನಗಲಿಲ್ಲ. "ಆವತ್ತ ಮನಿಗೆ ಹೋಗಿ ಅಬ್ಬಾಗ ಬೈದಿದ್ದೆ, ಅಕ್ಕೋರ. ನೀ ಸಾಲಿ ಕಲ್ತಾಂವ ಅಲ್ಲ, ನಿನಗೇನ್ ಗೊತ್ತು ಅಂದಿದ್ದೆ. ಮುಂದ ಅಬ್ಬಾ ನನಗ ಏನೂ ತೋರಿಸಿ ಹೇಳಲೇ ಇಲ್ಲ. ಒಳಗ ಕುಂತಾರ, ಅವರಿಗೆ ಹೇಳ್ರಿ."

ಬಳೆ ಗಂಟು ಅಲ್ಲೇ ಇಟ್ಟು ಒಳಗೆ ಹೋದೆ. ಒಳಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ ಮುದುಕರಿಗೆ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ. ಅವರು ಕಪ್ಪಿನಲ್ಲಿ ಉಳಿದ ಚಹಾವನ್ನು ಬಸಿಗೆ ಸುರುವಿಕೊಂಡರು.

"ಸಂದು ಕಾಣಬಾರದಂತನ ಆ ರಥ ಕಡದ ಶಿಲ್ಪಿ ಅಷ್ಟು ಕಷ್ಟ ಪಟ್ಟಾನ್ರಿ ಅಕ್ಕೋರ. ನಿಮಗ ಕಾಣಲಿಲ್ಲಂದ್ರ ಅಂವ ಗೆದ್ದಂಗ." ಬಸಿ ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. "ಶಬಾನಾ, ಇಲ್ಲಿ ಬಾ. ಆ ರಥದ ಗಾಲಿ ಹೆಂಗ ಕೂಡಿಸ್ಯಾರ, ಹೇಳ್ತೇನಿ ಕೇಳು."

ಗಿರಾಕಿಗಳನ್ನು ಬಿಟ್ಟು ಅವಳು ಬಂದು ಅಪ್ಪನ ಎದುರು ಕೂತಳು. ನಾನೂ ಕೂತೆ. ನಡುವೆ ಬಾಯಿ ಹಾಕದೆ ಇರಲು ಎಷ್ಟು ಕಷ್ಟಪಟ್ಟೆ ಎಂಬುದು ನನಗೇ ಗೊತ್ತು.